ಯೀಸ್ಟ್ ನ್ಯೂಕ್ಲಿಯಸ್ಸಿನ ಪೊರೆ ಎಲ್ಲಿ ಬಿಚ್ಚಿಕೊಳ್ಳುತ್ತದೆ? ನಾನು ನೋಡಿದ ಬಗೆ

ನಮ್ಮ ದೇಹದ ಕೋಶ ಎರಡಾಗುವಾಗ ನ್ಯೂಕ್ಲಿಯಸ್ಸಿನ ಪೊರೆ ಕಳಚಿಹೋಗುತ್ತದೆ, ಕೊನೆಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಯೀಸ್ಟ್ ಹಾಗಲ್ಲ. ಪೊರೆಯ ಒಳಗೇ ಸ್ಪಿಂಡಲ್ ಎಂಬ ಎಳೆಗಳ ಚೌಕಟ್ಟು ಕಟ್ಟಿ, ಅಲ್ಲೇ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಒಯ್ಯುತ್ತದೆ. ಹಾಗಾದರೆ ಕೊನೆಯಲ್ಲಿ ಆ ಪೊರೆ ಎಲ್ಲಿ ತುಂಡಾಗುತ್ತದೆ? ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು.

ನಾನು ಆರಿಸಿಕೊಂಡದ್ದು ಷೈಜೋಸ್ಯಾಕರೋಮೈಸಿಸ್ ಪಾಂಬೆ ಎಂಬ ಯೀಸ್ಟ್. ಕಡ್ಡಿಯಂಥ ಕೋಶ, ಸುಮಾರು 14 ಮೈಕ್ರಾನ್ ಉದ್ದವಾದಾಗ ನಡುವೆ ಎರಡಾಗುತ್ತದೆ. ಯಾವುದು ಸದ್ಯದಲ್ಲೇ ಒಡೆಯುತ್ತದೆ ಅಂತ ಉದ್ದ ನೋಡಿಯೇ ಹೇಳಬಹುದು. ಸಿಡಿಸಿ25 ಮ್ಯೂಟೆಂಟ್ (ಬಿಸಿಯಲ್ಲಿ ವಿಭಜನೆಗೆ ಇಳಿಯದ ತಳಿ) ಬಳಸಿ, ಬಿಸಿಯಲ್ಲಿ ತಡೆದು, ಎಲ್ಲ ಕೋಶಗಳನ್ನೂ ಒಟ್ಟಿಗೆ ಬಿಡುವ ವಿಧಾನ ಇದೆ. ಪೊರೆಯ ಅಳತೆಗೆ ನನಗೆ ಅದು ಒಗ್ಗಲಿಲ್ಲ. ತಡೆದ ಕೋಶ ಬೆಳೆಯುತ್ತಲೇ ಇರುತ್ತದೆ, ಜೊತೆಗೆ ನ್ಯೂಕ್ಲಿಯಸ್ಸೂ ದೊಡ್ಡದಾಗುತ್ತದೆ. ತಾನಾಗಿ ಬೆಳೆಯುವ ಕೋಶಗಳಲ್ಲಿ ಉದ್ದನೆಯವನ್ನು ಹುಡುಕುವುದೇ ಮೇಲು.

ಕೋಶಗಳನ್ನು ಇಎಂಎಂ ಎಂಬ ಪೋಷಕ ಮಾಧ್ಯಮದಲ್ಲಿ ಬೆಳೆಸಿದೆ. ವೈಇಎಸ್ ಎಂಬ ಇನ್ನೊಂದು ಮಾಧ್ಯಮ ತಾನೇ ಮಿನುಗುತ್ತದೆ, ಮಂದ ಬೆಳಕೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಗಾಜಿನ ತಳಕ್ಕೆ ಲೆಕ್ಟಿನ್ (ಕೋಶಕ್ಕೆ ಅಂಟುವ ಪ್ರೋಟೀನ್) ಸವರಿ ಕೋಶಗಳನ್ನು ಅಂಟಿಸಿದೆ. ಪೊರೆ ಕಾಣಲು ಕಟ್11-ಜಿಎಫ್‌ಪಿ (ಹಸಿರಾಗಿ ಮಿನುಗುವ ಜಿಎಫ್‌ಪಿ ಜೋಡಿಸಿದ ಕಟ್11 ಎಂಬ ಪ್ರೋಟೀನ್), ನ್ಯೂಕ್ಲಿಯಸ್ಸಿನ ಒಳಗು ಕಾಣಲು ಎನ್‌ಎಲ್‌ಎಸ್ (ನ್ಯೂಕ್ಲಿಯಸ್ಸಿನ ವಿಳಾಸಚೀಟಿಯಂಥ ತುಣುಕು) ಹಚ್ಚಿದ ಕೆಂಪು ಪ್ರೋಟೀನ್ ಬಳಸಿದೆ.

ಕಟ್11 ಆರಿಸಿದ್ದಕ್ಕೆ ಒಂದು ವಿಶೇಷ ಕಾರಣವಿದೆ. ಅದು ಪೊರೆಯ ರಂಧ್ರಗಳಲ್ಲಿರುತ್ತದೆ, ಆದರೆ ವಿಭಜನೆ ಶುರುವಾದಾಗ ಸ್ಪಿಂಡಲ್ ಪೋಲ್ ಬಾಡಿಗಳಿಗೂ (ಸ್ಪಿಂಡಲ್‌ನ ಎರಡು ತುದಿಗಳ ನೆಲೆಗಳು) ಬಂದು ಕೂರುತ್ತದೆ. ಉಂಗುರದಂತೆ ಕಾಣುವ ಪೊರೆಯ ಮೇಲೆ ಎರಡು ಹೊಳೆಯುವ ಚುಕ್ಕೆಗಳು ಕಂಡವೋ, ಗಡಿಯಾರ ಶುರು!

ಆಮೇಲೆ ಸ್ಪಿಂಡಲ್ ಉದ್ದವಾಗುತ್ತದೆ, ನ್ಯೂಕ್ಲಿಯಸ್ ಡಂಬೆಲ್ ಆಕಾರಕ್ಕೆ ತಿರುಗುತ್ತದೆ. ಒಂದು ಗೋಳ, ಒಟ್ಟು ಗಾತ್ರ (ಒಳಗಿನ ಘನಅಳತೆ) ಬದಲಾಗದೆ, ಎರಡು ಸಮ ಗೋಳಗಳಾಗಬೇಕಾದರೆ ಹೊರಮೈ ಸುಮಾರು 26% ಹೆಚ್ಚಬೇಕು. ಅಷ್ಟು ಹೊಸ ಪೊರೆ ಬೇಕು. ಕೊಬ್ಬಿನಾಮ್ಲ ತಯಾರಿಕೆ ತಡೆಯುವ ಸೆರುಲೆನಿನ್ ಹಾಕಿದರೆ ಪೊರೆ ಹಿಗ್ಗುವುದಿಲ್ಲ, ಸ್ಪಿಂಡಲ್ ಒಳಗೇ ಬಿಲ್ಲಿನಂತೆ ಬಾಗುತ್ತದೆ. ಪೊರೆ ಸುಮ್ನೆ ಒಂದು ಚೀಲ ಅಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ನನಗೆ ಅತಿ ಇಷ್ಟವಾದದ್ದು ಎರಡು ಮರಿ ನ್ಯೂಕ್ಲಿಯಸ್‌ಗಳ ನಡುವಿನ ತೆಳು ಸೇತುವೆ. ಪೊರೆಯ ಕೆಲವು ರಂಧ್ರಗಳು ಅದರ ನಡುಭಾಗದಲ್ಲಿ ಗುಂಪಾಗುತ್ತವೆ. ಸ್ವಲ್ಪ ಹೊತ್ತಿಗೆ ಅಲ್ಲಿನ ಕಟ್11 ಬೆಳಕು ಆರಿಹೋಗುತ್ತದೆ. ರಂಧ್ರಗಳು ಬಿಚ್ಚಿಕೊಳ್ಳುತ್ತವೆ, ಪೊರೆ ಅಲ್ಲಿ ಮಾತ್ರ ತೆರೆಯುತ್ತದೆ, ಸ್ಪಿಂಡಲ್ ಕಳಚುತ್ತದೆ. ಮರಿ ನ್ಯೂಕ್ಲಿಯಸ್‌ಗಳಲ್ಲಿ ಕೆಂಪು ಬಣ್ಣ ಮಾತ್ರ ಹಾಗೇ ಉಳಿಯುತ್ತದೆ, ಅಂದರೆ ಅವುಗಳ ಪೊರೆ ಸೋರಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನಗಳು ವಿವರಿಸಿದ್ದೂ ಇದನ್ನೇ. ಸೇತುವೆಯ ಎರಡೂ ತುದಿಗಳಲ್ಲಿ ಲೆಸ್1 ಎಂಬ ಪ್ರೋಟೀನ್ ಕೂತು, ಬಿಚ್ಚಿಕೊಳ್ಳುವಿಕೆಯನ್ನು ನಡುವಿಗೇ ಸೀಮಿತಗೊಳಿಸುತ್ತದೆ. ಪೊರೆ ಕಳಚದ ಇದನ್ನು ಮುಚ್ಚಿದ ವಿಭಜನೆ ಅಂತ ಕರೆದರೂ ಒಂದು ಸಣ್ಣ ಬಾಗಿಲು ತೆರೆಯಲೇಬೇಕು, ಅಲ್ವಾ?

ನೀವೂ ನೋಡುವುದಾದರೆ ಲೇಸರ್ ಶಕ್ತಿ ಕಡಿಮೆ ಇಡಿ. ಸೇತುವೆಯ ಬೆಳಕು ಮೊದಲೇ ಮಂದ. ಜಾಸ್ತಿ ಬೆಳಕು ಹಾಯಿಸಿದರೆ ಕಟ್11 ತಾನಾಗಿ ಹೋಯಿತೋ, ಲೇಸರ್ ಅದನ್ನು ಮಸುಕಾಗಿಸಿತೋ ಹೇಳಲಾಗುವುದಿಲ್ಲ. ಪಕ್ಕದಲ್ಲಿ ವಿಭಜನೆಯಾಗದ ಒಂದು ಕೋಶವನ್ನೂ ಅದೇ ಚೌಕಟ್ಟಿನಲ್ಲಿ ಇಟ್ಟುಕೊಂಡು ಹೋಲಿಸಿ.