ಮೆಣಸಿನೆಣ್ಣೆಯ ಖಾರವನ್ನು ಕೈಯಿಂದಲೂ ಕಟ್ಟೆಯಿಂದಲೂ ತೆಗೆಯುವ ಬಗೆ: ನನ್ನ ಅನುಭವ

ಬೆಂಗಳೂರಿನ ಬಸವನಗುಡಿಯ ನಮ್ಮ ಮನೆಯಲ್ಲಿ ಮಾರಾಟಕ್ಕೆಂದು ಮೆಣಸಿನೆಣ್ಣೆ ತಯಾರಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂಬ ಲೆಕ್ಕದಲ್ಲಿ ಒಣಮೆಣಸಿನಕಾಯಿಯನ್ನು ತರಿಯಾಗಿ ಪುಡಿಮಾಡಿ, ಅದರ ಮೇಲೆ ಬಿಸಿ ಎಣ್ಣೆ ಸುರಿದು, ಆರಿದ ಮೇಲೆ ಸೋಸುತ್ತೇನೆ. ಎಣ್ಣೆ ಮಾಡುವಾಗ ಇರಬೇಕಾದ ಎಚ್ಚರಕ್ಕಿಂತ ಆಮೇಲೆ ಶುಚಿ ಮಾಡುವಾಗಿನ ಎಚ್ಚರ ದೊಡ್ಡದು, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ.

ಖಾರಕ್ಕೆ ಮುಖ್ಯ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ; ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹೀಗಾಗಿ ಕೈಗೆ ಎಣ್ಣೆ ತಾಗಿದೊಡನೆ ನಲ್ಲಿ ತಿರುಗಿಸಿದರೆ ಖಾರ ಹೋಗುವ ಬದಲು ಅಂಗೈಯೆಲ್ಲ ಹರಡುತ್ತದೆ. ಬಿಸಿನೀರಂತೂ ಬೇಡವೇ ಬೇಡ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಗುರುತಿಸುವ ನರಗಳ ಗ್ರಾಹಕವೇ (ರಿಸೆಪ್ಟರ್) ಮೆಣಸಿನ ಉರಿಯನ್ನೂ ಗುರುತಿಸುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ತೋರಿಸಿಕೊಟ್ಟಿತು. ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಉರಿಯುವ ಕೈಗೆ ಬಿಸಿನೀರು ಬಿದ್ದಾಗ ಉರಿ ಇಮ್ಮಡಿಯಾದಂತೆ ಅನಿಸುವುದು ಇದರಿಂದಲೇ.

ನಾನು ಮೊದಲು ಹಳೆಯ ಹತ್ತಿ ಬಟ್ಟೆಯಿಂದ ಕೈಯನ್ನು ಉಜ್ಜದೆ ಒತ್ತಿ ಒರೆಸಿಕೊಳ್ಳುತ್ತೇನೆ. ಅನಂತರ ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟಿನವರೆಗೂ ಸವರಿ, ಬಟ್ಟೆಯ ಒಣ ಭಾಗದಿಂದ ಒರೆಸಿ, ಇನ್ನೊಮ್ಮೆ ಹಾಗೆಯೇ ಮಾಡುತ್ತೇನೆ. ಖಾರ ಈ ಹೊಸ ಎಣ್ಣೆಗೆ ಇಳಿದು ಬಟ್ಟೆಗೆ ಬರುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಸೋಕಿಸದೆ ಹಚ್ಚಿ, ಉಗುರಿನ ಒಳಗೆ ಮೆತ್ತನೆಯ ಹಳೆಯ ಬ್ರಷ್ ಆಡಿಸಿ, ಕೊನೆಗಷ್ಟೇ ತಣ್ಣೀರಿನಲ್ಲಿ ತೊಳೆಯುತ್ತೇನೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೈಸೋಪು ಸರಿಯಾಗಿ ನೊರೆ ಬಿಡುವುದಿಲ್ಲವಾದ್ದರಿಂದ ಲಿಕ್ವಿಡ್ಡೇ ಮೇಲು. ಅದಾದ ಮೇಲೆ ತೊಳೆದ ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತೇನೆ. ಚುರುಕ್ಕೆಂದರೆ ಮತ್ತೆ ಕೊಬ್ಬರಿ ಎಣ್ಣೆಯಿಂದಲೇ ಶುರು. ಉಳಿದ ಉರಿಗೆ ತಣ್ಣನೆಯ ಗಟ್ಟಿ ಮೊಸರು ಹಿತವೆನಿಸುತ್ತದೆ. ನಿಂಬೆಹಣ್ಣು ಉಜ್ಜುವವರೂ ಇದ್ದಾರೆ, ಆದರೆ ಚರ್ಮದಲ್ಲಿ ಸಣ್ಣ ಗೀರಿದ್ದರೂ ಅದು ಉರಿಯನ್ನು ಹೆಚ್ಚಿಸುತ್ತದೆ.

ಕಣ್ಣಿಗೆ ತಾಗಿದರೆ ಮಾತ್ರ ಈ ಕ್ರಮ ಸಲ್ಲದು. ಅಲ್ಲಿ ಎಣ್ಣೆಯೂ ಬೇಡ, ಹಾಲೂ ಬೇಡ. ಸುಮಾರು 15 ನಿಮಿಷ ಶುದ್ಧ ನೀರನ್ನು ಹರಿಯಬಿಟ್ಟು ತೊಳೆದು, ಉರಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಗ್ರಾನೈಟ್ ಕಟ್ಟೆಯ ಮೇಲೆ ಚೆಲ್ಲಿದ ಎಣ್ಣೆಗೆ ಕಡಲೆಹಿಟ್ಟು ಉದುರಿಸಿ, ಅದು ಹೀರಿ ಮುದ್ದೆಯಾದ ಮೇಲೆ ಹಳೆಯ ಪತ್ರಿಕೆಯಿಂದ ಬಳಿದು ತೆಗೆಯುತ್ತೇನೆ. ಬಳಿಕ ಅಲ್ಲಿಯೂ ಅದೇ ಸರದಿ: ಸ್ವಲ್ಪ ಅಡುಗೆ ಎಣ್ಣೆ, ಒಣ ಬಟ್ಟೆ, ಲಿಕ್ವಿಡ್, ನೀರು. ಕೆಲಸಕ್ಕೆ ನೆರವಾಗುವ ಹುಡುಗಿ ಒಮ್ಮೆ, "ಅಕ್ಕಾ, ಕೆಂಪೆಲ್ಲ ಹೋಯ್ತಲ್ಲ, ಸಾಕಲ್ವಾ?" ಎಂದು ಕೇಳಿದಳು. ಸಾಲದು. ಮೆಣಸಿನ ಕೆಂಪಿಗೂ ಖಾರಕ್ಕೂ ಕಾರಣವಾದ ವಸ್ತುಗಳು ಬೇರೆ ಬೇರೆ. ಬ್ಯಾಡಗಿ ಗಾಢವಾದ ಕಲೆ ಮಾಡಿಯೂ ಅಷ್ಟು ಉರಿಸುವುದಿಲ್ಲ. ಬಣ್ಣವೇ ಕಾಣದ ಕಡೆ ಗುಂಟೂರಿನ ಖಾರ ಉಳಿದಿರಬಹುದು. ಪ್ಲಾಸ್ಟಿಕ್ ಡಬ್ಬಿಗೆ ಹಿಡಿದ ಕೆಂಪನ್ನು ಎಣ್ಣೆ ಸವರಿ ತೊಳೆದು ಬಿಸಿಲಿಗಿಟ್ಟರೆ ಅದು ತಾನಾಗಿ ಮಾಸುತ್ತದೆ.

ಎಲ್ಲರೂ ಮರೆಯುವ ಜಾಗಗಳೆಂದರೆ ನಲ್ಲಿಯ ತಿರುಪು, ಫ್ರಿಜ್ಜಿನ ಹಿಡಿ, ಮೊಬೈಲ್ ಮತ್ತು ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಳೆ. ಆ ಬಳೆಯನ್ನು ಬಿಚ್ಚಿಯೇ ತೊಳೆಯಬೇಕು. ಎಣ್ಣೆ ಕಾಯಿಸಿದ ಬಾಣಲೆ ಬಿಸಿಯಿರುವಾಗ ನೀರು ಹಾಕಿದರೆ ಖಾರದ ಘಾಟು ಆವಿಯೊಡನೆ ಎದ್ದು ಮನೆಮಂದಿಯೆಲ್ಲ ಕೆಮ್ಮುವಂತಾಗುತ್ತದೆ, ಆದ್ದರಿಂದ ಅದು ಪೂರ್ತಿ ಆರಬೇಕು. ಒರೆಸಿದ ಬಟ್ಟೆಗಳನ್ನು ವಾಷಿಂಗ್ ಮಷೀನಿಗೆ, ಅದರಲ್ಲೂ ಮಕ್ಕಳ ಬಟ್ಟೆಯೊಂದಿಗೆ, ನಾನು ಹಾಕುವುದಿಲ್ಲ. ತೀರಾ ಎಣ್ಣೆ ಕುಡಿದವನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಕೊಡುತ್ತೇನೆ, ಉಳಿದವನ್ನು ಬೇರೆ ಬಕೆಟ್ಟಿನಲ್ಲಿ ಲಿಕ್ವಿಡ್ ಹಾಕಿ ನೆನೆಸುತ್ತೇನೆ.