ಎಳೆ ಕುರಿಮರಿಯ ರಕ್ತದಲ್ಲಿ ನಾನು ನೋಡುವುದು

ಕುಶಾಲನಗರ, ಶನಿವಾರಸಂತೆ ಕಡೆಯ ಕೆಲವು ಹಿಂಡುಗಳಿಗೆ ನಾನು ಪಶುವೈದ್ಯ. ಮುಂಗಾರಿನಲ್ಲಿ ಹುಟ್ಟುವ ಮರಿಗಳಿಗೆ ಹೊಕ್ಕುಳ ಸೋಂಕು, ಕೀಲುಬಾವು, ನ್ಯುಮೋನಿಯಾ ಹೆಚ್ಚು ಕಾಡುವುದನ್ನು ಕಂಡು, ಅವುಗಳ ರಕ್ತಪರೀಕ್ಷೆಯನ್ನು ರೂಢಿ ಮಾಡಿಕೊಂಡೆ.

ಕುರಿಯ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ರೋಗ ತಡೆಯುವ ಪ್ರೋಟೀನ್‌ಗಳು, ಮರಿಗೆ ದಾಟುವುದಿಲ್ಲ. ಅವು ಗಿಣ್ಣುಹಾಲಿನ ಮೂಲಕವೇ ಸೇರಬೇಕು, ಅದೂ ಕರುಳು ಅವನ್ನು ಹೀರಿಕೊಳ್ಳಬಲ್ಲ ಮೊದಲ 24 ಗಂಟೆಗಳೊಳಗೆ. ಆದ್ದರಿಂದ ಹುಟ್ಟಿದ ಎರಡನೆಯ ದಿನ ಕತ್ತಿನ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಮ್ ಬೇರ್ಪಡಿಸಿ, ಬೆಳಕು ಬಾಗುವ ಪ್ರಮಾಣದಿಂದ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಒಟ್ಟು ಪ್ರೋಟೀನ್ ನೋಡುತ್ತೇನೆ. 100 ಮಿಲಿಲೀಟರಿಗೆ 5 ಗ್ರಾಂಗಿಂತ ಕಡಿಮೆ ಬಂದರೆ ಗಿಣ್ಣು ಸಾಲಲಿಲ್ಲವೆಂದು ಅನುಮಾನಿಸಿ ಆ ಮರಿಯನ್ನು ವಿಶೇಷವಾಗಿ ಗಮನಿಸುತ್ತೇನೆ. ಭೇದಿಯಿಂದ ಒಣಗಿದ ಮರಿಯಲ್ಲಿ ಈ ಅಂಕಿ ಹುಸಿಯಾಗಿ ಏರುವುದರಿಂದ, ಕೆಂಪು ರಕ್ತಕಣಗಳ ಪ್ರಮಾಣವನ್ನೂ ಜೊತೆಗೇ ನೋಡದೆ ನಾನು ತೀರ್ಮಾನಿಸುವುದಿಲ್ಲ. ಮರಿ ಕುಡಿದಿಲ್ಲವೆಂದು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಿಳಿದರೆ ಪರೀಕ್ಷೆಗೆ ಕಾಯದೆ, ಪ್ರತಿ ಕಿಲೋ ತೂಕಕ್ಕೆ 50 ಮಿಲಿಲೀಟರಿನಂತೆ ಗಿಣ್ಣನ್ನು ಕೊಳವೆಯಲ್ಲಿ ಕುಡಿಸುತ್ತೇನೆ.

ಉರಿಯೂತವನ್ನು ಗುರುತಿಸಲು ನಾನು ಹೆಚ್ಚು ನೆಚ್ಚಿರುವುದು ಫೈಬ್ರಿನೊಜೆನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ, ಉರಿಯೂತವಿದ್ದಾಗ ಏರುವ ಪ್ರೋಟೀನ್. ಹೆಪ್ಪುಗಟ್ಟದಂತೆ ಇಡಿಟಿಎ ಸೇರಿಸಿದ ರಕ್ತವನ್ನು ಎರಡು ಸೂಕ್ಷ್ಮ ನಳಿಗೆಗಳಲ್ಲಿ ತುಂಬಿ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಒಂದನ್ನು 56 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 3 ನಿಮಿಷ ಇಟ್ಟು ಮತ್ತೆ ತಿರುಗಿಸಿದರೆ, ಫೈಬ್ರಿನೊಜೆನ್ ಗರಣೆಯಾಗಿ ಕೆಳಗಿಳಿಯುತ್ತದೆ. ಎರಡೂ ನಳಿಗೆಗಳ ಪ್ಲಾಸ್ಮಾದಲ್ಲಿನ (ರಕ್ತಕಣಗಳ ಮೇಲೆ ನಿಲ್ಲುವ ದ್ರವದಲ್ಲಿನ) ಪ್ರೋಟೀನ್‌ಗಳ ವ್ಯತ್ಯಾಸವೇ ಅದರ ಅಂದಾಜು. ಇದು ಸ್ಥೂಲವಾದ ಅಳತೆ, ಆದರೆ ದೂರದ ಕೊಟ್ಟಿಗೆಯ ಮರಿಗೆ ಅದೇ ದಿನ ಉತ್ತರ ಕೊಡುತ್ತದೆ. ಹ್ಯಾಪ್ಟೊಗ್ಲೋಬಿನ್ ಎಂಬ ಇನ್ನೊಂದು ರಕ್ತ ಪ್ರೋಟೀನ್ ಇನ್ನೂ ಸೂಕ್ಷ್ಮ ಸೂಚಕ: ಆರೋಗ್ಯವಂತ ಕುರಿಯಲ್ಲಿ ಅತ್ಯಲ್ಪವಿದ್ದು ಸೋಂಕಿನಲ್ಲಿ ಹಲವು ಪಟ್ಟು ಏರುತ್ತದೆ, ಆದರೆ ಅದಕ್ಕೆ ಸುಸಜ್ಜಿತ ಪ್ರಯೋಗಾಲಯ ಬೇಕು.

ಬಿಳಿ ರಕ್ತಕಣಗಳನ್ನು ಓದುವಾಗ ವಯಸ್ಸನ್ನು ಮರೆಯುವಂತಿಲ್ಲ. ದೊಡ್ಡ ಕುರಿಯಲ್ಲಿ ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣಗಳು ಮೇಲುಗೈಯಾಗಿದ್ದರೆ, ಆಗತಾನೇ ಹುಟ್ಟಿದ ಮರಿಯಲ್ಲಿ ಹೆರಿಗೆಯ ಹೊತ್ತಿನ ಒತ್ತಡದ ಹಾರ್ಮೋನು ಕಾರ್ಟಿಸಾಲ್‌ನಿಂದಾಗಿ, ಸೋಂಕಿನಲ್ಲೂ ಏರುವ ನ್ಯೂಟ್ರೋಫಿಲ್ ಎಂಬ ಬಗೆಯ ಕಣಗಳೇ ಹೆಚ್ಚಿರುತ್ತವೆ. ಅದನ್ನೇ ಸೋಂಕೆಂದು ಬಗೆದು ಆ್ಯಂಟಿಬಯಾಟಿಕ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹೊಕ್ಕುಳು, ಕೀಲು, ಉಸಿರಾಟ, ಜ್ವರ ಇವನ್ನು ಕೈಯಾರೆ ಪರೀಕ್ಷಿಸಿ, ಎರಡು ದಿನ ಬಿಟ್ಟು ಮತ್ತೆ ರಕ್ತ ತೆಗೆದು, ಫೈಬ್ರಿನೊಜೆನ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರ ಮೇಲೆ ಚಿಕಿತ್ಸೆಯನ್ನು ಮುಂದುವರಿಸುವುದನ್ನು ಇಲ್ಲವೇ ಬದಲಿಸುವುದನ್ನು ನಿರ್ಧರಿಸುತ್ತೇನೆ.