ಅವಳ ಅರವತ್ತಕ್ಕೆ ನಾನು ಮಾಡಿದ ತೊಡೆದೇವು

ನಮ್ಮ ಶಿರಸಿ ಕಡೆ ಅರವತ್ತು ಅಂದರೆ ಗಂಡಸಿನದೇ. ಷಷ್ಟ್ಯಬ್ದಿ ಶಾಂತಿ ನಡೆಯುವುದು ಗಂಡನ ವಯಸ್ಸಿನ ಲೆಕ್ಕದಲ್ಲಿ, ಹೆಂಡತಿ ಪಕ್ಕದ ಮಣೆಯಲ್ಲಿ ಕೂರುವವಳು. ನನ್ನದಕ್ಕೆ ಸಭಾಭವನ, ಅಡುಗೆ ಭಟ್ಟರು, ಭೂರಿ ದಕ್ಷಿಣೆ ಅಂತ ಒಂದೂವರೆ ಲಕ್ಷದ ಮೇಲೇ ಹೋಯಿತು. ಬಂದವರನ್ನು ಉಪಚರಿಸಿ ಅವಳು ಎಲೆಯ ಮುಂದೆ ಕೂತಾಗ ಮಧ್ಯಾಹ್ನ ಮೂರು ದಾಟಿತ್ತು.

ಅವಳು ಹುಟ್ಟಿದ್ದು 1966ರ ಮಾಘದಲ್ಲಿ, ವಿಶ್ವಾವಸು ಸಂವತ್ಸರ. ಅರವತ್ತು ಸುತ್ತಿ ಅದೇ ಸಂವತ್ಸರ ತಿರುಗಿ ಬಂದಿತ್ತು, ಆಲೆಮನೆಯ ಕಾಲವೂ ಹೌದು. ಈ ಸಲ ಹೆಂಗಸರು ಯಾರೂ ಒಲೆ ಮುಂದೆ ಬರಬಾರದು, ತೊಡೆದೇವು ನಾನೇ ಮಾಡುತ್ತೇನೆ ಅಂದೆ. ತೊಡೆದೇವು ಅಂದರೆ ಕಬ್ಬಿನ ಹಾಲಲ್ಲಿ ಅರೆದ ಅಕ್ಕಿ ಹಿಟ್ಟನ್ನು, ಕವುಚಿ ಕಾಯಿಸಿದ ಗಡಿಗೆಯ ಮೇಲೆ ಬಟ್ಟೆಯಲ್ಲಿ ತೆಳ್ಳಗೆ ಎಳೆದು ಮಾಡುವ ಸಿಹಿ. ನಾದಿನಿ ಬಿದ್ದು ಬಿದ್ದು ನಕ್ಕಳು. "ಭಾವಾ, ಇದು ನಿನ್ನ ಕೈಲಿ ಆಗೋ ಕೆಲ್ಸ ಅಲ್ಲ." ಮಗ ಬೆಂಗಳೂರಿಂದ ಫೋನು ಮಾಡಿ, "ಅಪ್ಪ, ಯಾವುದಕ್ಕೂ ಒಂದು ಕೇಕ್ ಹೇಳಿಟ್ಟಿರ್ತೇನೆ" ಅಂದ. ಹೆಂಡತಿ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತೊಡೆದೇವು ಮಾಡಿದವರಿಗೆ ಹಿಟ್ಟಿನ ವಿಷಯ ಹೇಳಬೇಕಿಲ್ಲ. ನನ್ನನ್ನು ಸೋಲಿಸಿದ್ದು ಗಡಿಗೆ. ಮೊದಲನೆಯದು ಸಂತೆಯಲ್ಲಿ ಮುನ್ನೂರು ಚಿಲ್ಲರೆ ಕೊಟ್ಟು ತಂದದ್ದು, ಉರಿ ಏರಿದ ಹತ್ತೇ ನಿಮಿಷಕ್ಕೆ ಟಪ್ ಎಂದು ಸೀಳಿತು. ಎರಡನೆಯದಕ್ಕೆ ಹೆದರಿ ಎಣ್ಣೆ ಜಾಸ್ತಿ ಹಚ್ಚಿದೆ. ಹಿಟ್ಟು ಕೂರಲೇ ಇಲ್ಲ, ಜಾರಿ ಒಲೆಗೆ ಬಿತ್ತು. ಮೂರನೆಯದನ್ನು ಒಂದು ವಾರದಷ್ಟು ಪಳಗಿಸಿದೆ. ದಿನಾ ಸಣ್ಣ ಉರಿಯಲ್ಲಿ ಕವುಚಿ, ಅರೆದ ಶೇಂಗಾ ತಿಕ್ಕಿ, ಆರಲು ಬಿಟ್ಟು, ಮತ್ತೆ ತಿಕ್ಕಿ. ತಳ ಕಪ್ಪಾಗಿ ಮಿರಿಮಿರಿ ಮಿನುಗಿದ ಮೇಲೇ ಬಟ್ಟೆ ಅದ್ದಿದ್ದು.

ಕಬ್ಬಿನ ಹಾಲಿನದು ಬೇರೆಯೇ ತಕರಾರು. ಸಂಜೆ ತಂದು ಬೆಳಿಗ್ಗೆ ಅರೆದರೆ ಹುಳಿ ಬಂದು ಹಾಳು. ಆಲೆಮನೆಯವರು ಬೆಳಗಿನ ಜಾವದ ಮೊದಲ ಗಾಣದ ಹಾಲು ಕೊಟ್ಟರು, ನಾಲ್ಕೈದು ಲೀಟರು. ನೆರೆಯವರಾದ್ದರಿಂದ ದುಡ್ಡು ಮುಟ್ಟಲಿಲ್ಲ, ನಾನು ಎರಡು ಗೊನೆ ಬಾಳೆ ಕೊಟ್ಟೆ. ಸಿಹಿ ಹೆಚ್ಚಿದ್ದರೆ ತೊಡೆದೇವು ಗಡಿಗೆ ಬಿಡುವುದಿಲ್ಲ, ಕಡಿಮೆಯಾದರೆ ಗರಿ ಬರುವುದಿಲ್ಲ. ಎಷ್ಟು ನೀರು ಬೆರೆಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕಿ ಯಾವುದು ಅಂತಲೂ ಕೇಳಬೇಡಿ, ಹಳೆಯದು ಅಂತಷ್ಟೇ ಹೇಳುತ್ತೇನೆ.

ನಡುವೆ ಕಿತಾಪತಿಯೂ ನಡೆಯಿತು. ಗ್ಯಾಸಿನ ಮೇಲೆ ಕಬ್ಬಿಣದ ಬಾಣಲೆ ಕವುಚಿ ನೋಡಿದೆ: ನಡು ಸೀದು ಕರಿ, ಸುತ್ತ ಹಸಿ. ಮೊಮ್ಮಗ ತಂದ ಸಿಲಿಕಾನ್ ಬ್ರಷ್ಷಿನಲ್ಲಿ ಎಳೆದರೆ ಗೆರೆಗೆರೆಯಾಗಿ ಜಾಳಿಗೆಯಂತೆ ಬಂತು. ರುಚಿಗೇನೂ ಮೋಸವಿಲ್ಲ, ಅವನೊಬ್ಬನೇ ತಿಂದು ಮುಗಿಸಿದ. ಜೋನಿಬೆಲ್ಲ (ನೀರು ಬೆಲ್ಲ) ಕರಗಿಸಿ ಮಾಡಿದ್ದು ಬಣ್ಣದಲ್ಲಿ ಚೆಂದ, ಆದರೆ ಮರುದಿನಕ್ಕೆ ಮೆತ್ತಗೆ. ಬಾಳೆಹಣ್ಣಿನ ಪ್ರಯೋಗದ ಬಗ್ಗೆ ದನಗಳನ್ನೇ ಕೇಳಬೇಕು.

ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ಶುರು ಮಾಡಿದೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿಗೆ ಅದ್ದಿ ಎಡದಿಂದ ಬಲಕ್ಕೆ ಒಂದೇ ಎಳೆತ. ಅಂಚು ಎದ್ದ ಕ್ಷಣ ಎಬ್ಬಿಸಿ, ಬಿಸಿ ಇರುವಾಗಲೇ ಮಡಿಸಬೇಕು. ಒಂದು ಉಸಿರಿನಷ್ಟು ತಡವಾದರೂ ಪುಡಿಪುಡಿ. ಬೆರಳ ತುದಿ ಸುಟ್ಟು ಬೊಬ್ಬೆ ಎದ್ದವು. ಮೊದಲ ಇಪ್ಪತ್ತೋ ಮೂವತ್ತೋ ಚೂರಾದವು, ಆಮೇಲೆ ಕೈ ಕೂತಿತು. ಸಂಜೆಗೆ ನೂರೈವತ್ತರ ಹತ್ತಿರ ಡಬ್ಬ ಸೇರಿದವು.

ಮಾರನೆಯ ದಿನ ನಲವತ್ತು ಚಿಲ್ಲರೆ ಜನ. ಅಪ್ಪೆಹುಳಿ, ಪಲ್ಯ, ಚಿತ್ರಾನ್ನ ಎಲ್ಲ ಭಾವಂದಿರು, ತಮ್ಮಂದಿರದೇ ಕೈ. ಉಪ್ಪು ಅಲ್ಲಲ್ಲಿ ಹೆಚ್ಚಾಗಿತ್ತು, ಇರಲಿ. ಮೊದಲು ಅವಳಿಗೆ ಆರತಿ, ಆಮೇಲೆ ಅವಳನ್ನು ಪಂಕ್ತಿಯ ತುದಿಯಲ್ಲಿ, ಯಜಮಾನ ಕೂರುವ ಜಾಗದಲ್ಲಿ ಕೂರಿಸಿ ತೊಡೆದೇವಿಗೆ ಬಿಸಿ ಹಾಲು, ತುಪ್ಪ ಬಿಟ್ಟೆವು. ತಿಂದಳು. "ಅಂಚು ಚೂರು ದಪ್ಪ ಆತು" ಅಂದಳು. ಮೂರನೆಯದಕ್ಕೆ ತಾನೇ ಕೈ ನೀಡಿದಳು. ನಾದಿನಿ ಐದು ತಿಂದಳು, ನಾನು ಎಣಿಸಿದ್ದೇನೆ. ಕೇಕ್ ಕತ್ತರಿಸಿದ್ದು ಸಂಜೆ, ಮಕ್ಕಳ ಸಮಾಧಾನಕ್ಕೆ.

ಖರ್ಚು, ಒಡೆದ ಗಡಿಗೆಗಳನ್ನೂ ಅವಳ ಸೀರೆಯನ್ನೂ ಹಿಡಿದು, ಇಪ್ಪತ್ತು ಸಾವಿರದ ಒಳಗೇ. ಅದರಲ್ಲಿ ಸೀರೆಯದೇ ಅರ್ಧ.

ಈಗ ಊರಲ್ಲಿ ಇಬ್ಬರು ಮೂವರು ಗಡಿಗೆ ಕೇಳಿಕೊಂಡು ಬಂದಿದ್ದಾರೆ, ಅವರ ಮನೆಯವರ ಅರವತ್ತೂ ಬರುತ್ತಿದೆಯಂತೆ. ಗಡಿಗೆ ಕೊಡುತ್ತೇನೆ, ಒಯ್ಯಲಿ. ಬಟ್ಟೆ ಮಾತ್ರ ಕೊಡುವುದಿಲ್ಲ.